ಹಳೆಯ ಪಿಕಪ್ಪಿನ ತಂತಿಗಳು

ವ್ಯಾಕರಣವನ್ನು ಕಲಿಸುತ್ತ ವೃದ್ಧನಾದವನು ಮೋಟಾರು ಬಂಡಿಯ ವಿಷಯವಾಗಿ ಲೇಖನಿ ಹಿಡಿದನೆಂದರೆ ವಾಚಕರು ನಗದೆ ಇರಲಾರರು. ನಗಲಿ. ಕಾರ್ಕಳದ ಸಮೀಪದಲ್ಲಿರುವ ನಮ್ಮ ಅಡಕೆಯ ತೋಟದಲ್ಲಿ ಮೂರು ದಿವಸಗಳ ಕಾಲ ನಾನು ಒಬ್ಬ ಮೆಕ್ಯಾನಿಕನ ಶಿಷ್ಯನಾಗಿ ಕುಳಿತಿದ್ದೆನು. ಆ ಪಾಠವನ್ನು ಇಲ್ಲಿ ನಿವೇದಿಸಿಕೊಳ್ಳುವೆನು.

ಬಂಡಿಯು ನನ್ನ ತಮ್ಮನದು. ಅವನು ಕಾಪುವಿನಲ್ಲಿ ಕಡಲಿಗೆ ಸಮೀಪವಾಗಿ ಮನೆ ಮಾಡಿಕೊಂಡಿದ್ದು, 2011ರಲ್ಲಿ ಆ ಪಿಕಪ್ಪನ್ನು ಕೊಂಡು, ತೆಂಗಿನಕಾಯಿಯನ್ನೂ ಮಟ್ಟುಗುಳ್ಳವನ್ನೂ ಉಡುಪಿಯ ಪೇಟೆಗೆ ಸಾಗಿಸುತ್ತಿದ್ದನು. 2020ರಲ್ಲಿ ಅವನು ಗತಿಸಿದ ಮೇಲೆ ಅದನ್ನು ತೋಟಕ್ಕೆ ತಂದಿರಿಸಿದೆವು. ಈಗ ಅದು ಗೊಬ್ಬರವನ್ನೂ ಅಡಕೆಯ ಗೊನೆಗಳನ್ನೂ ಹೊರುವುದು. ಬೇಲಿಯನ್ನು ದಾಟಿ ರಸ್ತೆಗೆ ಇಳಿಯುವುದಿಲ್ಲ. ಎರಡು ಮಳೆಗಾಲಗಳು ಕಳೆಯುವಷ್ಟರಲ್ಲಿ ಅದರ ಇಂಜಿನು ಕೆಟ್ಟಿತು. ಅದು ಗಣಕಯಂತ್ರದ ಆಜ್ಞೆಯಂತೆ ನಡೆಯುವ ಇಂಜಿನು. ದುರಸ್ತಿಯ ವೆಚ್ಚವು ಬಂಡಿಯ ಬೆಲೆಯನ್ನೇ ಮೀರುವಂತೆ ಕಂಡುದರಿಂದ, ಒಂದು ಗ್ಯಾರೇಜಿನವರು ಅದನ್ನು ಇಳಿಸಿ ಹಳೆಯ ಮಾದರಿಯ ಇಂಜಿನೊಂದನ್ನು ಕೂಡಿಸಿದರು. ಗಣಕವನ್ನು ತೆಗೆದರು, ಅದರ ತಂತಿಗಳನ್ನು ತೆಗೆಯಲಿಲ್ಲ. ಕಪ್ಪು ಟೇಪನ್ನು ಸುತ್ತಿ ಡ್ಯಾಶ್‌ಬೋರ್ಡಿನ ಕೆಳಗೆ ತುರುಕಿಬಿಟ್ಟರು.

ಕಳೆದ ಕಾರ್ತಿಕಮಾಸದಲ್ಲಿ ಏಳು ವರುಷದ ನನ್ನ ಮೊಮ್ಮಗನು ಬಂಡಿಯ ಮುಂದಿನ ಆಸನದಲ್ಲಿ ಕುಳಿತಿದ್ದಾಗ ಅವನ ಕಾಲಬುಡದಿಂದ ಹೊಗೆಯೆದ್ದಿತು. ಹಿಂಬದಿಯಲ್ಲಿ ಒಣಗಿದ ಅಡಕೆಸಿಪ್ಪೆಯ ಹೊರೆ. ತಮ್ಮನ ಮಗನು ಹುಡುಗನನ್ನು ಎಳೆದು ನನ್ನ ಕೈಗೆ ನೂಕಿ, ಬ್ಯಾಟರಿಯ ತಂತಿಯನ್ನು ಕಿತ್ತನು. ಬೆಂಕಿ ಹತ್ತಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ರೆ ಬಾರಲಿಲ್ಲ. ಗಣಕಕ್ಕೆ ವಿದ್ಯುತ್ತನ್ನು ಒಯ್ಯುತ್ತಿದ್ದ ತಂತಿಯೊಂದು, ಬಿಡಾರ ಖಾಲಿಯಾದುದನ್ನು ತಿಳಿಯದೆ ನಿತ್ಯವೂ ಬಾಗಿಲಿಗೆ ಬರುವ ಹಾಲಿನವನಂತೆ, 12 ವೋಲ್ಟುಗಳನ್ನು ಹೊತ್ತು ನಿಂತೇ ಇದ್ದಿತು. ಇಲಿಯು ಅದರ ಹೊದಿಕೆಯನ್ನು ಕಡಿದು, ತಾಮ್ರವು ಕಬ್ಬಿಣಕ್ಕೆ ತಗುಲಿತ್ತು. ಫ್ಯೂಸಿನ ಸ್ಥಾನದಲ್ಲಿ ಯಾರೋ ತಂತಿಯ ಎಳೆಯನ್ನು ಸುತ್ತಿದ್ದರು!

ತಮ್ಮನ ಮಗನು ಮಣಿಪಾಲದಲ್ಲಿ ಉದ್ಯೋಗದಲ್ಲಿರುವನು. "ದೊಡ್ಡಪ್ಪಯ್ಯ, ಎಲ್ಲವನ್ನೂ ಕತ್ತರಿಸಿ ಬಿಸಾಡುವ. ಈ ಇಂಜಿನಿಗೆ ಕಂಪ್ಯೂಟರೇ ಬೇಡವಲ್ಲ?" ಎಂದನು. ಅವನ ಮಾತು ಸುಳ್ಳಲ್ಲ. ಹೊಸ ಮಾದರಿಯ ಡೀಸೆಲ್ ಇಂಜಿನಿನಲ್ಲಿ ಸಂವೇದಕಗಳು ಸುದ್ದಿಯನ್ನು ತರುವುವು. ಯಾವ ಕ್ಷಣದಲ್ಲಿ ಎಷ್ಟು ಎಣ್ಣೆ ಚಿಮ್ಮಬೇಕೆಂಬುದನ್ನು ಗಣಕವು ಎಣಿಸಿ ಅಪ್ಪಣೆ ಕೊಡುವುದು. ಹಳೆಯದರಲ್ಲಿ ಇಂಜಿನಿನ ಗಾಲಿಗಳೇ ಪಂಪನ್ನು ತಿರುಗಿಸುವುವು. ವೇಗದ ಹದವನ್ನು ಸ್ಪ್ರಿಂಗು ಮತ್ತು ತೂಕದ ಗುಂಡುಗಳು ಕಾಯುವುವು. ಅಲ್ಲಿ ಎಣಿಸುವವನ ಅಗತ್ಯವಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ರಸ್ತೆಗಿಳಿಯುವ ಬಂಡಿಯಲ್ಲಿ ಇಂತಹ ಕೆಲಸಕ್ಕೆ ಕೈಹಾಕತಕ್ಕುದಲ್ಲ. ತಯಾರಕನು ನಿರ್ದೇಶಿಸಿದುದಕ್ಕೆ ವ್ಯತ್ಯಾಸ ಬರುವಂತೆ ಬಂಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ನಿಷೇಧಿಸಿದೆ. 2020ರ ಏಪ್ರಿಲಿನಿಂದ ನಡೆಯುತ್ತಿರುವ ಭಾರತ್ ಸ್ಟೇಜ್ 6ರ ಡೀಸೆಲ್ ಬಂಡಿಗಳಲ್ಲಂತೂ ಹೊಗೆಯನ್ನು ಶುದ್ಧಗೊಳಿಸುವ ಕಾರ್ಯವೇ ಗಣಕದ ಅಧೀನ.

ಮೆಕ್ಯಾನಿಕನು ಕಾರ್ಕಳದವನು, ಐವತ್ತು ದಾಟಿದವನು. ಹುಡುಗನ ಕೈಯಲ್ಲಿದ್ದ ಕಟಿಂಗ್ ಪ್ಲೇಯರನ್ನು ತೆಗೆದುಕೊಂಡು ತನ್ನ ಕಿಸೆಯಲ್ಲಿ ಇಟ್ಟುಕೊಂಡನು. "ಕತ್ತರಿಸಲಿಕ್ಕೆ ಒಂದು ಗಳಿಗೆ ಸಾಕು ಮಾಷ್ಟ್ರೇ. ಮತ್ತೆ ಹುಡುಕಲಿಕ್ಕೆ ಒಂದು ತಿಂಗಳು ಬೇಕು," ಎಂದನು. ಬ್ಯಾಟರಿಯನ್ನು ಬಿಡಿಸಿ ಕೆಳಗಿರಿಸಿ, ಟೇಪನ್ನು ಬಿಚ್ಚತೊಡಗಿದನು. ಒಂದೊಂದು ತಂತಿಯನ್ನೂ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಿನಿಂದ ಹಿಂಬಾಲಿಸಿ, ಮೀಟರಿನಿಂದ ಪರೀಕ್ಷಿಸಿ ಹೇಳುವನು. ನಾನು ಚೀಟಿಯ ಮೇಲೆ ಬರೆದು ಕಟ್ಟುವೆನು. ಎರಡೂ ತುದಿಗಳು ಕಂಡ ಹೊರತು ಯಾವುದನ್ನೂ ತೆಗೆಯಕೂಡದೆಂಬುದು ಅವನ ನಿಯಮ.

ಕಡಲಗಾಳಿಯ ಪ್ರತಾಪವನ್ನು ಆಗ ಕಂಡೆನು. ಮೇಲೆ ಅಚ್ಚುಕಟ್ಟಾಗಿದ್ದ ತಂತಿಯ ಹೊದಿಕೆಯನ್ನು ಸುಲಿದರೆ ಒಳಗಿನ ತಾಮ್ರಕ್ಕೆ ಅಂಗುಲಗಟ್ಟಲೆ ಹಸುರು ಕಿಲುಬು. ನಮ್ಮಲ್ಲಿ ದೇವರ ಪಾತ್ರೆಗೆ ಹಿಡಿಯುವ ಕಿಲುಬಿಗೆ ಹುಳಿ ಉಂಟು, ಇದಕ್ಕೇನು ಮಾಡುವುದು?

ಎರಡನೆಯ ದಿವಸ ಗಣಕದ ತಂತಿಗಳ ಕಟ್ಟಿನೊಳಗೇ ಅದಕ್ಕೆ ಸಂಬಂಧಪಡದ ಒಂದು ಸಪೂರ ತಂತಿಯು ಸಿಕ್ಕಿತು. ಅದು ಎದುರಿನ ಫಲಕದಲ್ಲಿರುವ ಬ್ಯಾಟರಿಯ ಕೆಂಪು ದೀಪದಿಂದ ಡೈನಮೋವಿಗೆ ಹೋಗುವುದು. ಆ ದೀಪದ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಡೈನಮೋವನ್ನು ಎಚ್ಚರಿಸುವುದಂತೆ. ಅದನ್ನು ತುಂಡರಿಸಿದ್ದರೆ ಇಂಜಿನು ಆ ದಿನ ಎಂದಿನಂತೆ ಓಡುತ್ತಿದ್ದಿತು. ಬ್ಯಾಟರಿಗೆ ಮಾತ್ರ ಏನೂ ತುಂಬುತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಸ್ಟಾರ್ಟರು ಮೂಕವಾಗಿ, ನಾವು ಬ್ಯಾಟರಿಯನ್ನು ಬೈಯುತ್ತಿದ್ದೆವು. ಪಂಪಿಗೆ ಎಣ್ಣೆಯನ್ನು ಬಿಡುವ ಸೊಲೆನಾಯ್ಡಿನ ತಂತಿಯೂ ಅದೇ ಕಟ್ಟಿನಲ್ಲಿದ್ದಿತು. ಅದು ಹೋದರೆ ಇಂಜಿನು ಹೊತ್ತಿಕೊಳ್ಳುವುದೇ ಇಲ್ಲ.

ನನಗೆ ಪಾಠಶಾಲೆಯ ದಿನಗಳು ನೆನಪಿಗೆ ಬಂದುವು. ಪಾಣಿನೀಯದಲ್ಲಿ ಕ್ತ ಎಂಬ ಪ್ರತ್ಯಯದ ಕಕಾರವು ಇತ್ಸಂಜ್ಞೆಯನ್ನು ಹೊಂದಿ ಲೋಪವಾಗುವುದಷ್ಟೆ. ಸಿದ್ಧವಾದ ಪದದಲ್ಲಿ ಅದು ಕಿವಿಗೆ ಬೀಳದು. ಆದರೂ ಧಾತುವಿನ ಸ್ವರಕ್ಕೆ ಗುಣವು ಬಾರದಂತೆ ತಡೆಯುವುದು ಅದೇ. ಆದುದರಿಂದಲೇ ಕೃತ ಎಂಬ ರೂಪವು ನಿಲ್ಲುವುದು. ಇಲ್ಲದ ಅಕ್ಷರಕ್ಕೆ ಇಷ್ಟೇಕೆ ಮರ್ಯಾದೆಯೆಂದು ಬಾಲ್ಯದಲ್ಲಿ ಕೇಳಿ ಗುರುಗಳಿಂದ ಬೈಸಿಕೊಂಡಿದ್ದೆನು.

ಮೂರನೆಯ ದಿವಸ ಹಳದಿಯ ಬಣ್ಣದ ಜೋಡಿ ತಂತಿಯೊಂದು ಬಂದಿತು. ಕಾರ್ಖಾನೆಯದಲ್ಲ, ಕೈಯಿಂದ ಹೆಣೆದುದು. ಹುಡುಗನು, "ಇದು ಸುಮ್ಮನೆ ಇರುವುದು, ತೆಗೆಯಿರಿ" ಎಂದನು. ಮೆಕ್ಯಾನಿಕನು ಬಂಡಿಯ ಕೆಳಗೆ ನುಸುಳಿ ಹಿಂಬಾಲಿಸಿದನು. ಅದು ಹಿಂದಿನ ಹಲಗೆಯ ಕೆಳಗೆ, ಕೆಸರಿನಲ್ಲಿ ಮುಚ್ಚಿಹೋಗಿದ್ದ ಪುಟ್ಟ ದೀಪವೊಂದರಲ್ಲಿ ಮುಗಿಯಿತು. ನಸುಕಿನ ನಾಲ್ಕು ಗಂಟೆಗೆ ಗುಳ್ಳದ ಮೂಟೆಗಳನ್ನು ಕಟ್ಟುವಾಗ ಹೆಂಡತಿಯ ಕೈಗೆ ಬೆಳಕು ಬೀಳಲೆಂದು ತಮ್ಮನು ಹಾಕಿಸಿದ್ದ ದೀಪ. ಹುಡುಗನ ತಾಯಿಯನ್ನು ಕರೆದು ಕೇಳಿದಾಗ ಹೀಗೆ ತಿಳಿಯಿತು. ಆಕೆ ಸೆರಗಿನಿಂದ ದೀಪದ ಗಾಜನ್ನು ಒರಸಿ ಒಳಗೆ ಹೋದಳು. ಹುಡುಗನು ಏನನ್ನೂ ಹೇಳದೆ ಅದಕ್ಕೊಂದು ಹೊಸ ಬಲ್ಬನ್ನು ತಂದನು.

ತೆಗೆದ ತಂತಿಗಳನ್ನು ಅಡಕೆಯ ತಕ್ಕಡಿಯಲ್ಲಿ ತೂಗಿದರೆ ನಾಲ್ಕು ಕಿಲೋಗಳಿಗೆ ತುಸು ಕಡಿಮೆ. ಫ್ಯೂಸುಗಳನ್ನೆಲ್ಲ ಹೊಸದಾಗಿ ಹಾಕಿದನು. ಒಂದೇ ಒಂದು ಬೂದುಬಣ್ಣದ ತಂತಿಯ ಇನ್ನೊಂದು ತುದಿಯು ಎಷ್ಟು ಹುಡುಕಿದರೂ ದೊರೆಯಲಿಲ್ಲ. ಅದರಲ್ಲಿ ವಿದ್ಯುತ್ತು ಇಲ್ಲವೆಂದು ಎರಡು ಬಾರಿ ನೋಡಿ, ತುದಿಗೆ ಟೇಪನ್ನು ಸುತ್ತಿ, ಕಬ್ಬಿಣಕ್ಕೆ ತಗುಲದಂತೆ ಕಟ್ಟಿದನು. "ಇದಕ್ಕೆ ಏನು ಬರೆಯಲಿ?" ಎಂದು ಕೇಳಿದೆನು. "ಗೊತ್ತಿಲ್ಲ ಎಂದು ಬರೆಯಿರಿ ಮಾಷ್ಟ್ರೇ," ಎಂದನು. ಆ ಚೀಟಿಯು ನನ್ನ ಅಕ್ಷರದಲ್ಲಿ ಈಗಲೂ ಅಲ್ಲಿಯೇ ತೂಗುತ್ತಿರುವುದು.