ಮನೆಯೊಳಗೊಂದು ಮನೆ

ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರಿಗೆ ಬಾಡಿಗೆ ಮನೆಯ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಮಾಲೀಕರ ಮನೆಯ ಒಂದು ಭಾಗದಲ್ಲಿ ನಮ್ಮ ಅಡಿಗೆ, ನಮ್ಮ ದೇವರು, ನಮ್ಮ ಮಾತು. ನೀರು, ಕರೆಂಟು ಮಾತ್ರ ಅವರದು. ಕಂಪ್ಯೂಟರಿನಲ್ಲಿಯೂ ಇಂಥದೊಂದು ಏರ್ಪಾಡು ಉಂಟು. ಅದಕ್ಕೆ ವರ್ಚುವಲ್ ಮಷಿನ್ ಎನ್ನುತ್ತಾರೆ. ವಿಂಡೋಸ್ ಇದ್ದಲ್ಲಿಯೇ ಇರುತ್ತದೆ. ಅದರ ಒಂದು ಮೂಲೆಯಲ್ಲಿ ಲಿನಕ್ಸ್ ಬೇರೆ ಸಂಸಾರ ಹೂಡುತ್ತದೆ.

ನಾಗಪುರದ ನಮ್ಮ ಮನೆಯಲ್ಲಿ ಇದರ ಅಗತ್ಯ ಬಂದುದಕ್ಕೆ ಕಾರಣವಿದೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಹಳೆಯ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ಒಗ್ಗುವಂಥದಲ್ಲ. ಗುಜರಿಗೆ ಹಾಕೋಣವೆಂದರೆ, ತೀರಿಕೊಂಡ ನಮ್ಮ ತಂದೆಯವರ ನೆನಪಿನ ಬರಹ ಅದರಲ್ಲಿದೆ. ಇಳಿವಯಸ್ಸಿನಲ್ಲಿ ಒಂದೇ ಬೆರಳಿನಿಂದ ‘ನುಡಿ’ಯಲ್ಲಿ ಒತ್ತಿದ 86 ಪುಟಗಳು.

ಪುಣೆಯಲ್ಲಿರುವ ಮಗಳು ಫೋನಿನಲ್ಲಿ ಹೇಳಿದಳು: “ಅಪ್ಪಾ, ಈಗಿಂದೀಗ ವಿಂಡೋಸ್ ತಗೀಬ್ಯಾಡ್ರಿ. ಅದರೊಳಗ ವರ್ಚುವಲ್‌ಬಾಕ್ಸ್ ಹಾಕಿ ಉಬುಂಟು ಹಚ್ಚಿ ನೋಡ್ರಿ. ಅಜ್ಜಾರ ಫೈಲು ಅದರಾಗ ತೆರೀತಂದ್ರ ಮುಂದಿಂದು ಮುಂದ.”

ಮೊದಲನೆಯ ತೊಡಕು ಬಾಗಿಲಲ್ಲೇ ಕಾದಿತ್ತು. ಈಗಿನ ಉಬುಂಟು 64 ಬಿಟ್ಟಿನದು. ಅದು ಏಳಲೇ ಒಲ್ಲದು. ಒಂದು ಯಂತ್ರದೊಳಗೆ ಇನ್ನೊಂದನ್ನು ನಡೆಸುವ ಸೌಕರ್ಯ ಪ್ರೊಸೆಸರಿನಲ್ಲಿ ಇದ್ದರೂ ಅನೇಕ ಲ್ಯಾಪ್‌ಟಾಪುಗಳಲ್ಲಿ ಅದನ್ನು ಮುಚ್ಚಿಯೇ ಕಳಿಸಿರುತ್ತಾರೆ. ಯಂತ್ರ ಶುರುವಾಗುವಾಗಲೇ ಬಯಾಸ್ ಪರದೆಗೆ ಹೋಗಿ ‘ವರ್ಚುವಲೈಸೇಶನ್’ ಎಂಬುದನ್ನು ತೆರೆದ ಮೇಲೆ ದಾರಿ ಸುಗಮವಾಯಿತು. ಒಟ್ಟು 8 ಜಿಬಿ ಮೆಮೊರಿಯಲ್ಲಿ ಅರ್ಧವನ್ನು ಈ ಹೊಸ ಬಿಡಾರಕ್ಕೆ ಬಿಟ್ಟುಕೊಟ್ಟೆ. ಕೆಲಸ ಮುಗಿದು ಮರುಪ್ರಾರಂಭಿಸಿದರೆ ಮತ್ತೆ ಮೊದಲಿನ ಪ್ರಶ್ನೆಗಳೇ! ಒಳಗಿನ ‘ಡಿಸ್ಕ್’ ಹಾಗೆಯೇ ಕೂತಿತ್ತು. ಅದನ್ನು ತೆಗೆದ ಮೇಲೆ ಉಬುಂಟು ತನ್ನ ಕಾಲ ಮೇಲೆ ನಿಂತಿತು.

ಎರಡೂ ಮನೆಗಳಿಗೆ ಸಮನಾದ ಒಂದು ಫೋಲ್ಡರ್ ಬೇಕಲ್ಲ? ಗೆಸ್ಟ್ ಅಡಿಷನ್ಸ್ ಹಾಕಿದರೂ “ಅನುಮತಿ ಇಲ್ಲ” ಎಂಬ ಉತ್ತರ. ಲಿನಕ್ಸಿನಲ್ಲಿ ಹಂಚಿಕೊಂಡ ಫೋಲ್ಡರಿಗೆ ‘ವಿಬಾಕ್ಸ್‌ಎಸ್‌ಎಫ್’ ಎಂಬ ಗುಂಪಿನ ಸದಸ್ಯರಿಗಷ್ಟೇ ಪ್ರವೇಶ. ಸಂಘದ ಸದಸ್ಯತ್ವದಂತೆ ಅಲ್ಲಿ ಹೆಸರು ಸೇರಿಸಿ, ಹೊರಹೋಗಿ ಒಳಬಂದಾಗ ಬಾಗಿಲು ತೆರೆಯಿತು.

ಕಡತವೂ ತೆರೆಯಿತು. ಆದರೆ ಅದರಲ್ಲಿ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಗೀಟು, ಚುಕ್ಕೆ. ಎದೆ ಧಸಕ್ಕೆಂದಿತು.

ಹಾಳಾದದ್ದು ಏನೂ ಇರಲಿಲ್ಲ. ಹಳೆಯ ನುಡಿ, ಬರಹಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದಲ್ಲಿ ಕನ್ನಡ ಕಾಣದು. ಯೂನಿಕೋಡ್ ಹಾಗಲ್ಲ; 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿದೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಲೋಕಕ್ಕೆ ಕೊಟ್ಟದ್ದೂ ಅದೇ ವರ್ಷ. ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿದ್ದನ್ನು ಮಾತ್ರ ಕೈಯಿಂದ ತಿದ್ದಬೇಕು. ನಾನು ಮತ್ತು ನನ್ನಾಕೆ ಎರಡು ವಾರ ರಾತ್ರಿ ಕೂತು ತಿದ್ದಿದೆವು.

ಹಾಗೆ ತಿದ್ದುವಾಗಲೇ ತಂದೆಯವರ ಬರಹವನ್ನು ನಾನು ಮೊದಲ ಸಲ ಪೂರ್ತಿ ಓದಿದ್ದು. 1956ರ ನವೆಂಬರ್ 1ರಂದು ಧಾರವಾಡ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ನಾಗಪುರ ರಾಜಧಾನಿಯ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಬಂತು. ಮರುವರ್ಷ ನೌಕರಿಗಾಗಿ ಇಲ್ಲಿಗೆ ಬಂದ ಅಪ್ಪ, ತಾನು ಬಿಟ್ಟುಬಂದದ್ದು ಊರನ್ನೋ ರಾಜ್ಯವನ್ನೋ ಎಂದು ಹಲವು ದಿನ ತಿಳಿಯಲಿಲ್ಲವೆಂದು ಬರೆದಿದ್ದರು. ಮನೆಯಲ್ಲಿ ಈ ಮಾತನ್ನು ಎಂದೂ ಆಡಿದವರಲ್ಲ.

ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ನಿಮ್ಮಲ್ಲಿಯೂ ಹಿರಿಯರು ಬರೆದ ಹಳೆಯ ನುಡಿ, ಬರಹ ಕಡತಗಳಿದ್ದರೆ, ಅವನ್ನು ತೆರೆಯಬಲ್ಲ ಯಂತ್ರ ಜೀವಂತವಿರುವಾಗಲೇ ಯೂನಿಕೋಡಿಗೆ ತಿರುಗಿಸಿ, ಒಂದು ಪ್ರತಿಯನ್ನು ಬೇರೆಡೆ ಇಡಿರಿ. ಕಾಗದವಾದರೆ ಗೆದ್ದಲು ಹತ್ತಿದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.