ಮಣೂಕ ಶೆಡ್ಡಿನ ವಿಮಾನ

ಎರೆಹೊಲದಲ್ಲಿ ವಿಮಾನ ಇಳಿಸಬಹುದೇ? ಬಬಲೇಶ್ವರ ಕಡೆಯ ಹತ್ತನೆಯ ವರ್ಗದ ಹುಡುಗನೊಬ್ಬ ಹೀಗೆ ಕೇಳಿದಾಗ ವರ್ಗವೆಲ್ಲ ನಕ್ಕಿತು. ನನಗೆ ಮಾತ್ರ ಪ್ರಶ್ನೆ ಹಿಡಿಸಿತು. ಆ ದಿನದ ಪಾಠ ಬದಿಗಿಟ್ಟು ಅದನ್ನೇ ಹಿಡಿದುಕೊಂಡೆ.

ಮಳೆ ಬಿದ್ದ ಎರೆಯ ಗುಣ ನಮ್ಮ ಸೀಮೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಗಾಲಿ ಹೂತರೆ ಟ್ರ್ಯಾಕ್ಟರೇ ಬರಬೇಕು. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಸಣ್ಣ ಗಾಲಿಯ ವಿಮಾನ ಅಂಥ ಬಿರುಕಿಗೆ ಸಿಕ್ಕರೆ ಮೂಗು ನೆಲಕ್ಕೆ ಬಡಿಯುವುದು ಖಂಡಿತ. ಅದಕ್ಕಿಂತ ಕಲ್ಲು ಆಯ್ದ ಮಡ್ಡಿ ಜಮೀನು ವಾಸಿ. ಅಮೆರಿಕದ ಅಲಾಸ್ಕಾ, ಐಡಾಹೊಗಳಲ್ಲಿ ಕಾಡುಗುಡ್ಡಗಳ ನಡುವೆ ಸಣ್ಣ ವಿಮಾನ ಇಳಿಸುವವರು ಬಲೂನಿನಂಥ ದಪ್ಪ ಟಯರು ಹಾಕಿ, ಅದರಲ್ಲಿ ಕಡಿಮೆ ಗಾಳಿ ಇಟ್ಟು, ಹೊಳೆಯ ದಂಡೆಯ ಹರಳುಗಲ್ಲಿನ ಮೇಲೂ ಇಳಿಯುತ್ತಾರೆ. ಅಲ್ಲೇ ರೆಕ್ಕೆಯ ಕೆಳಗೆ ಡೇರೆ ಹಾಕಿ ಮಲಗುತ್ತಾರೆ.

ಇಳಿಯಲು ಎಷ್ಟು ಉದ್ದದ ಜಾಗ ಬೇಕು ಎಂಬುದು ವೇಗದ ವರ್ಗವನ್ನು ಅವಲಂಬಿಸಿದೆ. ದೊಡ್ಡ ಪ್ರಯಾಣಿಕ ವಿಮಾನ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 240 ಕಿ.ಮೀ. ಹಗುರ ವಿಮಾನದ್ದು ಸುಮಾರು 60. ವೇಗ ನಾಲ್ಕನೆಯ ಒಂದು ಭಾಗವಾದರೆ, ನಿಲ್ಲಿಸುವ ಬಲ ಅದೇ ಪ್ರಮಾಣದಲ್ಲಿದ್ದರೆ, ಬೇಕಾಗುವ ದೂರ ಹದಿನಾರನೆಯ ಒಂದು ಭಾಗ. ಗಾಳಿಗೆ ಎದುರಾಗಿ ಇಳಿದರೆ ಇನ್ನೂ ಕಡಿಮೆ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಪಡುವಣ ಗಾಳಿಯಲ್ಲಿ ಟಿಕೋಟಾ ಕಡೆ ಮುಖ ಮಾಡಿಯೇ ಇಳಿಯಬೇಕು.

ಇನ್ನು ಬಿಸಿಲು. ವಿಜಯಪುರ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಕಾಯ್ದ ಗಾಳಿ ಹಿಗ್ಗಿ ತೆಳ್ಳಗಾಗುತ್ತದೆ. ಲೆಕ್ಕ ಹಾಕಿದರೆ, ವಿಮಾನದ ಪಾಲಿಗೆ ಆಗ ನಮ್ಮೂರು ಸುಮಾರು 1650 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಂತೆ. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಬೆಳಗಿನ ಜಾವ ಏರುವ ಅದೇ ವಿಮಾನ ಮಧ್ಯಾಹ್ನ ಬೇಲಿ ದಾಟುವುದೂ ಕಷ್ಟ. ಎಲ್ಲಕ್ಕಿಂತ ಕೆಟ್ಟದ್ದು, ಮೇಲಿನಿಂದ ಕಣ್ಣಿಗೆ ಬೀಳದ ಪಂಪ್‌ಸೆಟ್ಟಿನ ಕರೆಂಟ್ ತಂತಿ.

ಹುಡುಗ ಇದೆಲ್ಲವನ್ನೂ ಬರೆದುಕೊಂಡ. ಪರೀಕ್ಷೆಗೆ ಬಾರದ ವಿಷಯ ಬರೆದುಕೊಳ್ಳುವ ಹುಡುಗರು ಅಪರೂಪ. ಕಾರಣ ಒಂದು ವಾರದ ನಂತರ ತಿಳಿಯಿತು. ಅವನ ತಂದೆ ಶಾಲೆಗೆ ಬಂದರು. ದ್ರಾಕ್ಷಿ ಬೆಳೆಗಾರರು, ಕಡಿಮೆ ಮಾತಿನವರು.

‘ಸರ, ಇಂವಾ ಮಣೂಕ ಶೆಡ್ಡಿನ್ಯಾಗ ಇಮಾನ ಮಾಡಾಕತ್ಯಾನ್ರಿ. ನಾ ಅದನ್ನ ಒಡದ ಹಾಕಬೇಕಂತೀನಿ. ಅವರವ್ವ ಮಾಸ್ತರಿಗೆ ಒಂದ್ ಮಾತ್ ಕೇಳ್ರಿ ಅಂದ್ಳು. ಅದಕ್ಕ ಬಂದೀನ್ರಿ.’

ಆ ಭಾನುವಾರ ಹೋಗಿ ನೋಡಿದೆ. ದ್ರಾಕ್ಷಿ ಒಣಗಿಸುವ ಹಂಗಾಮು ಮುಗಿದು ಶೆಡ್ಡು ಖಾಲಿ ಇತ್ತು. ಬಿದಿರು, ನೀರಾವರಿಯ ಹಳೆಯ ಪೈಪು, ಶೆಡ್ಡಿಗೆ ಕಟ್ಟುವ ಪಾಲಿಯೆಸ್ಟರ್ ಬಟ್ಟೆ, ಗುಜರಿಯಿಂದ ತಂದ 100 ಸಿಸಿ ಬೈಕಿನ ಎಂಜಿನ್ನು. ಊರ ಬಡಿಗ್ಯಾರನನ್ನು ಕಾಡಿ ಬೇಡಿ ಬೇವಿನ ಹಲಗೆಯಲ್ಲಿ ಕೆತ್ತಿಸಿದ ನಾಲ್ಕಡಿ ಪಂಖ. ಕೆಲಸ ಚೊಕ್ಕಟವಾಗಿತ್ತು. ನನಗೆ ಹೆದರಿಕೆ ಆದದ್ದು ಅದಕ್ಕೇ. ಕೆಟ್ಟ ಕೆಲಸವಾಗಿದ್ದರೆ ಎಂಜಿನ್ನು ಶುರುವೇ ಆಗುತ್ತಿರಲಿಲ್ಲ.

2021ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಫುಲಸಾವಂಗಿ ಎಂಬ ಹಳ್ಳಿಯಲ್ಲಿ 24 ವರ್ಷದ ಯುವಕನೊಬ್ಬ ತಾನೇ ಕಟ್ಟಿದ ಹೆಲಿಕಾಪ್ಟರನ್ನು ಪರೀಕ್ಷಿಸುತ್ತಿದ್ದಾಗ ಪಂಖ ಮುರಿದು, ತಲೆಗೆ ಪೆಟ್ಟು ಬಿದ್ದು ತೀರಿಹೋದ. ವೆಲ್ಡಿಂಗ್ ಕೆಲಸ ಬಲ್ಲ ಬುದ್ಧಿವಂತ. ಅವನ ಯಂತ್ರ ಆಗ ನೆಲದ ಮೇಲೆಯೇ ಇತ್ತು. ಈ ಸುದ್ದಿ ತಂದೆಗೂ ಗೊತ್ತಿತ್ತು, ಮಗನಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ.

ಹುಡುಗನಿಗೆ ಪಾಟಿ ತರಲು ಹೇಳಿದೆ. ಪಂಖದ ಉದ್ದ 1.2 ಮೀಟರ್. ನಿಮಿಷಕ್ಕೆ 3000 ಸುತ್ತು ಎಂದು ಅವನ ಅಂದಾಜು. ಅಂದರೆ ಸೆಕೆಂಡಿಗೆ 50 ಸುತ್ತು. ತುದಿಯ ವೇಗ ಸೆಕೆಂಡಿಗೆ 188 ಮೀಟರ್, ಗಂಟೆಗೆ ಸುಮಾರು 680 ಕಿ.ಮೀ. ಆ ತುದಿಯಲ್ಲಿರುವ 100 ಗ್ರಾಂ ಕಟ್ಟಿಗೆ ಹೊರಗೆ ಸಿಡಿಯದಂತೆ ಹಿಡಿದಿಡಲು ಎಷ್ಟು ಬಲ ಬೇಕು? ಅವನೇ ಲೆಕ್ಕ ಮಾಡಿದ. ಸುಮಾರು 5900 ನ್ಯೂಟನ್. ತಂದೆಗೆ ನ್ಯೂಟನ್ ತಿಳಿಯಲಿಲ್ಲ. ಆರು ಕ್ವಿಂಟಲ್ ಎಂದೆ. ಅವರು ಪಂಖವನ್ನು ಕೈಗೆತ್ತಿಕೊಂಡು ಕಟ್ಟಿಗೆಯ ಎಳೆ ನೋಡಿದರು. ಒಂದು ಕಡೆ ಗಂಟು ಇತ್ತು. ಅದರ ಮೇಲೆ ಹೆಬ್ಬೆರಳಿಟ್ಟು ಮಗನ ಮುಖ ನೋಡಿದರು.

ಹಾರುವ ವಿಮಾನಕ್ಕೆ ಇದಕ್ಕಿಂತ ಹೆಚ್ಚು ಬಲದ ಎಂಜಿನ್ನು ಬೇಕು, ನಿನ್ನ ಎಂಜಿನ್ನಿನದು ಏಳೆಂಟು ಅಶ್ವಶಕ್ತಿ, ಇದು ಹಾರಲಾರದು, ಆದರೆ ಕೊಲ್ಲಬಲ್ಲದು ಎಂದೆ. ಹುಡುಗ ಅಳಲಿಲ್ಲ, ವಾದಿಸಲೂ ಇಲ್ಲ. ಸ್ಪ್ಯಾನರ್ ತಂದು ಪಂಖ ಬಿಚ್ಚಿ ನನ್ನ ಕೈಗೆ ಕೊಟ್ಟ. ಉಳಿದದ್ದನ್ನು ಒಡೆಯಬೇಡಿರೆಂದು ತಂದೆಗೆ ಹೇಳಿದೆ. ಒಡೆಯಲಿಲ್ಲ, ಒಪ್ಪಲೂ ಇಲ್ಲ.

ಇಂಥ ಹೊತ್ತಿನಲ್ಲಿ ಪಾಲಕರು ಕೇಳುವುದು ಒಂದೇ ಪ್ರಶ್ನೆ: ಇದರಿಂದ ಏನು ಹುಟ್ಟುತ್ತದೆ? ನ್ಯಾಯವಾದ ಪ್ರಶ್ನೆ. ಉತ್ತರ ನನ್ನ ಹತ್ತಿರ ಇರಲಿಲ್ಲ, ಟಿಕೋಟಾದಿಂದ ಬಂತು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಕಲಿತ ವಿದ್ಯಾರ್ಥಿಯೊಬ್ಬ ಇಂಗ್ಲೆಂಡಿನಲ್ಲಿದ್ದಾನೆ. ಅಪ್ಪ ಅವ್ವನನ್ನು ನೋಡಲು ಊರಿಗೆ ಬಂದವನು ನಮ್ಮ ಮನೆಗೂ ಬಂದ. ಶನಿವಾರ ಭಾನುವಾರ ಏನು ಮಾಡುತ್ತೀ ಎಂದು ನನ್ನ ಹೆಂಡತಿ ಕೇಳಿದರೆ, ‘ವಿಮಾನ ತಗೊಂಡ್ ಯಾರದರ ಹೊಲದಾಗ ಇಳದು ಡೇರೇದಾಗ ಮಲಗ್ತೀನ್ರಿ’ ಎಂದ. ಅವಳು ಚಹಾದ ಕಪ್ಪು ಕೆಳಗಿಟ್ಟಳು.

ಇನ್ನೊಬ್ಬರು ಅರ್ಧಕ್ಕೆ ಬಿಟ್ಟಿದ್ದ ಕಿಟ್ಟನ್ನು ಅವನೂ ಅವನ ಗೆಳೆಯನೂ ಕೊಂಡು, ಮೋಟರು ನಿಲ್ಲಿಸುವ ಕೋಣೆಯಲ್ಲಿ ಜೋಡಿಸಿದ್ದರು. ಎಕ್ಸ್-ಏರ್ ಎಂಬ ಎರಡು ಸೀಟಿನ ವಿಮಾನ, ಅಲ್ಯೂಮಿನಿಯಂ ಕೊಳವೆಗೆ ಹಾಯಿಬಟ್ಟೆ ಹೊದಿಸಿದ್ದು. ತಮಾಷೆ ಎಂದರೆ ಆ ಕಿಟ್ಟು ತಯಾರಾದದ್ದು ಬೆಂಗಳೂರಿನಲ್ಲಿ! ಫ್ರಾನ್ಸ್ ಮೂಲದವರೊಬ್ಬರು ಕಟ್ಟಿದ ರಾಜ್ ಹಂಸ ಎಂಬ ಕಾರ್ಖಾನೆಯ ಈ ಕಿಟ್ಟುಗಳನ್ನು ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಹವ್ಯಾಸಿಗಳು ಮನೆಯಲ್ಲಿ ಜೋಡಿಸಿ ಹಾರಿಸುತ್ತಾರೆ. ನಮ್ಮ ರಾಜ್ಯದ ಮಾಲು ಹೊರದೇಶದ ಹೊಲದಲ್ಲಿ ಇಳಿಯುತ್ತದೆ, ನಮ್ಮ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ.

ಬೆಂಗಳೂರಿನ ಎನ್.ಎ.ಎಲ್. ಕೂಡ ಒಂದು ಕಾಲಕ್ಕೆ ಇಂಥದೇ ದಾರಿ ಹಿಡಿದಿತ್ತು. ಮನೆಯಲ್ಲಿ ವಿಮಾನ ಕಟ್ಟುವವರಿಗಾಗಿ ಅಮೆರಿಕದ ಬರ್ಟ್ ರುಟಾನ್ ರೂಪಿಸಿದ್ದ ಲಾಂಗ್-ಈಝೀ ವಿಮಾನದ ಮಾದರಿಯನ್ನು 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಗಾಜಿನ ನಾರಿನಲ್ಲಿ ಕಟ್ಟಿ ಹಾರಿಸಿದರು. ಆಮೇಲೆ ಬಂದದ್ದು ತರಬೇತಿ ವಿಮಾನ ‘ಹಂಸ’. ಮುಂಬಯಿಯಲ್ಲಿ ಪೈಲಟ್ ಅಮೋಲ್ ಯಾದವ್ ಮನೆಯ ಮಾಳಿಗೆಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2016ರಲ್ಲಿ ಪ್ರದರ್ಶನಕ್ಕಿಟ್ಟು, ಅದರ ನೋಂದಣಿಗಾಗಿ 2017ರವರೆಗೆ ಅಲೆದರು. ಹಾರಿಸುವುದಕ್ಕಿಂತ ಕಾಗದ ಹಾರಿಸುವುದು ನಮ್ಮಲ್ಲಿ ಕಷ್ಟ. ಆದರೂ ಆ ಕಾಗದ ಬೇಕು. ನಾಗರಿಕ ವಿಮಾನಯಾನ ನಿರ್ದೇಶನಾಲಯದ ಒಪ್ಪಿಗೆಯಿಲ್ಲದೆ ನಮ್ಮ ದೇಶದಲ್ಲಿ ವಿಮಾನ ಹಾರಿಸುವಂತಿಲ್ಲ, ಮನಸ್ಸಿಗೆ ಬಂದ ಹೊಲದಲ್ಲಿ ಇಳಿಸುವಂತೆಯೂ ಇಲ್ಲ.

ಟಿಕೋಟಾದ ಹಳೆಯ ವಿದ್ಯಾರ್ಥಿಯನ್ನು ಶೆಡ್ಡಿಗೆ ಕರೆದೊಯ್ದೆ. ಅವನು ಮೊದಲು ತೋರಿಸಿದ್ದು ವಿಮಾನದ ಫೋಟೋ ಅಲ್ಲ, ಒಂದು ನೋಟುಬುಕ್ಕಿನ ಫೋಟೋ. ಯಾವ ದಿನ ಯಾವ ಬೋಲ್ಟು ಹಾಕಿದೆ, ಎಷ್ಟು ಬಿಗಿ ಮಾಡಿದೆ ಎಂದೆಲ್ಲ ಅದರಲ್ಲಿ ಬರೆದಿತ್ತು. ಹಂತಹಂತಕ್ಕೂ ತನಿಖೆಯವರು ಬಂದು ನೋಡಿ ಸಹಿ ಹಾಕಬೇಕು. ಸಹಿ ಬೀಳದೆ ಬಟ್ಟೆ ಹೊದಿಸುವಂತಿಲ್ಲ, ಏಕೆಂದರೆ ಹೊದಿಸಿದ ಮೇಲೆ ಒಳಗಿನದು ಕಾಣುವುದಿಲ್ಲ. ಅಮೆರಿಕದಲ್ಲಾದರೆ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತಾವೇ ಮಾಡಿದ್ದೇವೆಂದು ಇಂಥ ದಾಖಲೆಯಿಂದಲೇ ತೋರಿಸಬೇಕು.

ಆಮೇಲೆ ಡೇರೆಯ ಕಥೆ ಬಂತು. ವಿಮಾನದ ಒಟ್ಟು ತೂಕದ ಮಿತಿ 450 ಕಿಲೋ. ಖಾಲಿ ವಿಮಾನವೇ 250ರ ಹತ್ತಿರ. ಇಬ್ಬರು ಮನುಷ್ಯರು 150. ಉಳಿದ 50ರಲ್ಲಿ 40 ಲೀಟರ್ ಪೆಟ್ರೋಲಿನ ತೂಕವೇ 29 ಕಿಲೋ. ಡೇರೆ, ಹಾಸಿಗೆ, ಸ್ಟೋವು, ಊಟ ಎಲ್ಲ ಸೇರಿ 21 ಕಿಲೋ ದಾಟುವಂತಿಲ್ಲ. ‘ಅದಕ್ಕ ನಾ ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ತೀನ್ರಿ. ತೂಕಿಲ್ಲ, ಕೆಡೂದಿಲ್ಲ, ಅಡಗಿ ಮಾಡೂದು ಬ್ಯಾಡ’ ಎಂದ. ಸ್ಕಾಟ್ಲೆಂಡಿನ ಕುರಿ ಮೇಯುವ ಹುಲ್ಲುಗಾವಲಿನಲ್ಲಿ ವಿಮಾನದ ರೆಕ್ಕೆಯ ಕೆಳಗೆ ಕುಳಿತು ಸಜ್ಜಿ ರೊಟ್ಟಿ ಮುರಿಯುತ್ತಿರುವ ಫೋಟೋ ಇತ್ತು. ರೆಕ್ಕೆಯ ಎರಡೂ ಕಡೆ ಹಗ್ಗ, ನೆಲದಲ್ಲಿ ಗೂಟ. ರಾತ್ರಿ ಗಾಳಿ ಎದ್ದರೆ ಹಗುರ ವಿಮಾನ ಮಗುಚಿ ಬೀಳುತ್ತದಂತೆ.

‘ದನಾ ಕಟ್ಟಿದಂಗ ಕಟ್ಟೂದೇನ?’ ಎಂದು ಹುಡುಗನ ತಂದೆ ಕೇಳಿದರು. ಆ ಸಂಜೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ಹೊಲದ ಒಡೆಯ ಬೈಯುವುದಿಲ್ಲವೇ ಎಂಬುದು ಎರಡನೆಯದು. ಮೊದಲೇ ಫೋನು ಮಾಡಿ ಒಪ್ಪಿಗೆ ಪಡೆಯಬೇಕೆಂದು ಕೇಳಿದ ಮೇಲೆ ಅವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಮೂರನೆಯ ಪ್ರಶ್ನೆ, ಎಂಜಿನ್ನು ನಡುವೆ ಬಂದಾದರೆ? ಹಳೆಯ ವಿದ್ಯಾರ್ಥಿ ಏನನ್ನೂ ಮುಚ್ಚಿಡಲಿಲ್ಲ. ಒಮ್ಮೆ ಬಂದಾಗಿತ್ತು, ಗೋದಿಯ ಹೊಲದಲ್ಲಿ ಇಳಿಸಿದ್ದ, ಬೆಳೆಯ ಹಾನಿಯನ್ನು ತುಂಬಿಕೊಟ್ಟಿದ್ದ. ಹಾರುವಾಗಲೆಲ್ಲ ಕಣ್ಣು ಮುಂದಿನ ಹೊಲವನ್ನು ಹುಡುಕುತ್ತಲೇ ಇರಬೇಕು ಎಂದ.

ಅವನು ಹೋಗುವಾಗ ಹುಡುಗನಿಗೆ ಕೊಟ್ಟದ್ದು ಒಂದು ಕೆಲಸ. ಎಂಜಿನ್ನು ಬಿಡು, ಮೊದಲು ರೆಕ್ಕೆಯ ಒಂದು ತುಂಡು ಮಾಡಿ ಅದು ಎಷ್ಟು ಎತ್ತುತ್ತದೆಂದು ಅಳೆ.

ಅಳೆಯಲು ಹುಡುಗನಿಗೆ ಎರಡು ತಿಂಗಳು ಹಿಡಿಯಿತು. ಬಿದಿರಿನ ಸೀಳು ಬಗ್ಗಿಸಿ ಒಂದು ಮೀಟರಿನ ರೆಕ್ಕೆ ಮಾಡಿದ, ಬಟ್ಟೆ ಹೊದಿಸುವ ಮುಂಚೆ ನನ್ನ ಸಹಿ ಕೇಳಿದ. ತೂಕ 2 ಕಿಲೋ. ಅದು ಮೇಲೆ ಕೆಳಗೆ ಜಾರುವಂತೆ ಪಿಕಪ್ ಗಾಡಿಯ ಹಿಂದೆ ಎರಡು ಪೈಪು ನಿಲ್ಲಿಸಿ, ದ್ರಾಕ್ಷಿ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಕೆಳಗೆ ಕಟ್ಟಿದೆವು. ಹಿಂದೆ ಯಾರೂ ಕೂಡ್ರಬಾರದು ಎಂಬುದು ನನ್ನ ಷರತ್ತು. ತಕ್ಕಡಿಯ ಎದುರು ಮೊಬೈಲ್ ಕಟ್ಟಿ ಚಿತ್ರ ತೆಗೆಯುವುದು ಹುಡುಗನ ಉಪಾಯ. ಗಾಡಿ ತಂದೆಯದು, ಇನ್ನೊಬ್ಬರ ಕೈಗೆ ಕೊಡುವವರಲ್ಲ. ಹೀಗಾಗಿ ಓಡಿಸಲು ಅವರೇ ಬರಬೇಕಾಯಿತು.

ಗಾಳಿ ಇಲ್ಲದ ನಸುಕಿನಲ್ಲಿ, ಮಡ್ಡಿಯ ಖಾಲಿ ರಸ್ತೆ. 20 ಕಿ.ಮೀ. ವೇಗದಲ್ಲಿ ರೆಕ್ಕೆ ಅಲುಗಲಿಲ್ಲ. 40ರಲ್ಲಿ ಎದ್ದಿತು, ತಕ್ಕಡಿ ಒಂದೂವರೆ ಕಿಲೋ ತೋರಿಸಿತು. ರೆಕ್ಕೆಯ ಸ್ವಂತ ತೂಕ ಸೇರಿಸಿದರೆ ಮೂರೂವರೆ. ಗಾಡಿ ನಿಲ್ಲಿಸಿ ಮೂವರೂ ಮೊಬೈಲಿಗೆ ತಲೆ ಹಚ್ಚಿ ನೋಡಿದೆವು.

‘ಅರವತ್ತಕ್ಕ ಬಿಟ್ರ ಎಷ್ಟ ಬರತದ್ರಿ ಸರ?’

ನಾನು ಹುಡುಗನ ಕಡೆ ನೋಡಿದೆ. ಅವನು ನೋಟುಬುಕ್ಕಿನಲ್ಲಿ ವೇಗದ ವರ್ಗ ಹಾಕಿ, ಎರಡೂಕಾಲು ಪಟ್ಟು ಎಂದು ಗುಣಿಸಿ, ‘ಎಂಟರ ಹತ್ರ ಅಪ್ಪಾ. ರೆಕ್ಕಿ ತೂಕ ಕಳದ್ರ ತಕ್ಕಡ್ಯಾಗ ಆರರ ಹತ್ರ’ ಎಂದ.

ತಂದೆ ಗಾಡಿ ತಿರುಗಿಸಿದರು. 60ರಲ್ಲಿ ಮುಳ್ಳು ಆರಕ್ಕೆ ಒಂದು ಗೆರೆ ಕೆಳಗೆ ನಿಂತಿತು. ಅವರು ಆ ಚಿತ್ರವನ್ನು ಮೂರು ಸಲ ನೋಡಿದರು. ಆಮೇಲೆ ನೋಟುಬುಕ್ಕು ಕೇಳಿ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಮಗ ಮುಳ್ಳು ನೋಡುವ ಮೊದಲೇ ಬರೆದಿದ್ದ ಅಂಕಿಯ ಮೇಲೆ ಬೆರಳಿಟ್ಟರು.

ಹುಡುಗ ಈಗ ವಿಜಯಪುರದಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಗಣಿತದಲ್ಲಿ ಸಾಧಾರಣ, ಟ್ಯೂಷನ್ನಿಗೆ ಹೋಗುತ್ತಾನೆ. ಬೇವಿನ ಪಂಖ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ. ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವ ಹಂಗಾಮು ಬಂದಾಗ ತಂದೆ ರೆಕ್ಕೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾರೆ. ಎರಡನೆಯ ರೆಕ್ಕೆಗೆ ಬಿದಿರು ಯಾವಾಗ ಕಡಿದರೆ ಹುಳ ಬೀಳುವುದಿಲ್ಲ ಎಂದು ಕೇಳಲು ಮೊನ್ನೆ ಫೋನು ಮಾಡಿದ್ದರು.