ಖಾಲಿ ಗುಳಿಗೂ ಕೆಲಸವಿದೆ

ನಗರ್ತಪೇಟೆಯ ಸಗಟು ಅಂಗಡಿ. ಗುಂಡಿ, ಲೇಸಿನ ಪೆಟ್ಟಿಗೆಗಳ ನಡುವೆ ಕೂತು ಹೋಂವರ್ಕ್ ಮಾಡುವ ಎರಡನೇ ತರಗತಿಯ ಹುಡುಗಿ. ‘ನೂರ ಐದು’ ಬರೆ ಎಂದರೆ 1005 ಬರೆಯುತ್ತಾಳೆ. ‘ಇನ್ನೂರ ಮೂವತ್ತು’ ಎಂದರೆ 20030. ಎಲ್ಲಕ್ಕೂ ಒಂದೇ ನಿಯಮ: ಕಿವಿಗೆ ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆಯುವುದು. ಇಷ್ಟು ಕಟ್ಟುನಿಟ್ಟಾಗಿ ನಿಯಮ ಪಾಲಿಸುವ ಮಗುವಿಗೆ ಲೆಕ್ಕ ಬರಲ್ಲ ಅನ್ನುವುದು ಹೇಗೆ?

*

ಇದೇ ಹುಡುಗಿ ಗಲ್ಲಾಪೆಟ್ಟಿಗೆಯ ಮುಂದೆ ತಪ್ಪುವುದಿಲ್ಲ. ನೂರರ ಒಂದು ನೋಟು, ಐದರ ಒಂದು ನಾಣ್ಯ: ನೂರ ಐದು. ಪುಸ್ತಕದಲ್ಲಿ ಮಾತ್ರ ಏನು ಕೈಕೊಡುತ್ತದೆ? ನೂರರ ನೋಟನ್ನು ಎಡಕ್ಕಿಟ್ಟರೂ ಬಲಕ್ಕಿಟ್ಟರೂ ನೂರೇ. ಬೆಲೆ ಅದರ ಮೈಮೇಲೇ ಅಚ್ಚಾಗಿದೆ. 1 ಎಂಬ ಅಂಕಿಗೋ, ಕೂತ ಜಾಗದ ಬೆಲೆ. ದುಡ್ಡು ಎಣಿಸಲು ಕೊಟ್ಟರೆ ಸ್ಥಾನಬೆಲೆ ತಾನೇ ಬರುತ್ತದೆ ಎಂದು ಮನೆಗಳಲ್ಲಿ ನಂಬುತ್ತಾರೆ. ದುಡ್ಡಿನಲ್ಲಿ ಬೆಲೆ ಇದೆ, ಸ್ಥಾನ ಇಲ್ಲ.

*

ಪೇಟೆಯ ಕಟ್ಟುಗಳದು ಇನ್ನೊಂದು ಗೊಂದಲ. ಗುಂಡಿ, ಬಳೆ ಡಜನ್ ಲೆಕ್ಕ. 12 ಡಜನ್ ಸೇರಿದರೆ ಒಂದು ಗ್ರೋಸ್, ಅಂದರೆ 144. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವ ತನಕ ರೂಪಾಯಿಗೂ 16 ಆಣೆ, ಆಣೆಗೆ 12 ಪೈ. ಕಾಲು, ಅರೆ, ಮುಕ್ಕಾಲು, ವೀಸದ ಮಗ್ಗಿ ಬಾಯಿಗೆ ಬಂದಮೇಲೇ ಹಿರಿಯರು ವ್ಯಾಪಾರಕ್ಕೆ ಕೂರುತ್ತಿದ್ದರು. ಗ್ರೋಸ್ ಕಟ್ಟುವುದು ಹನ್ನೆರಡರಲ್ಲಿ, ಅದನ್ನು 144 ಎಂದು ಬರೆಯುವುದು ಮಾತ್ರ ಹತ್ತರಲ್ಲಿ! ಅಂದರೆ ಕಟ್ಟು ಕಟ್ಟುವುದು ಒಂದು ತಿಳಿವಳಿಕೆ, ಆ ಕಟ್ಟಿಗೆ ಹಾಳೆಯ ಮೇಲೆ ಜಾಗ ಕೊಡುವುದು ಬೇರೆಯೇ ತಿಳಿವಳಿಕೆ. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿಸಿದಾಗ ಮೊದಲನೆಯದಷ್ಟೇ ಕಲಿಸಿದಂತಾಯಿತು.

*

9ನೇ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳ ಹೆಸರಿವೆ. ಒಂದೊಂದೂ ಹಿಂದಿನದರ ಹತ್ತರಷ್ಟು. ಅಷ್ಟೆತ್ತರಕ್ಕೆ ಏರಲೂ ಸೊನ್ನೆ ಸೇರಿ ಹತ್ತೇ ಅಂಕಿ ಸಾಕು. ಅಂಕಿ ತಿದ್ದಿಸಲು ಅಷ್ಟು ಸಮಯ ಕೊಡುವ ನಾವು ಸ್ಥಾನಕ್ಕೇಕೆ ಕೊಡುವುದಿಲ್ಲ?

*

ಅಜ್ಜಿ ಅಟ್ಟದಿಂದ ಅಳಗುಳಿಮಣೆ ಇಳಿಸಿದರು. ಎರಡು ಸಾಲು, ಸಾಲಿಗೆ ಏಳು ಗುಳಿ. ಮೂರನ್ನು ಆರಿಸಿಕೊಂಡರು: ಬಲದಿಂದ ಬಿಡಿ, ಹತ್ತು, ನೂರು. ಹುಣಸೆಬೀಜಗಳೆಲ್ಲ ಒಂದೇ ತರ. ನೋಟಿನಲ್ಲಿ ಸಿಗದ್ದು ಇಲ್ಲಿ ಸಿಗುತ್ತದೆ. ಬೀಜದ ಮೇಲೆ ಯಾವ ಬೆಲೆಯೂ ಬರೆದಿಲ್ಲ, ಎಲ್ಲವೂ ಗುಳಿಯದೇ.

ಬಿಡಿಯ ಗುಳಿಯಲ್ಲಿ ಹತ್ತು ತುಂಬಿದೊಡನೆ ಹತ್ತನ್ನೂ ತೆಗೆದು ಎಡದ ಗುಳಿಗೆ ಒಂದೇ ಬೀಜ. ಹುಡುಗಿ ತಕರಾರು ತೆಗೆದಳು: ‘ಮಿಕ್ಕ ಒಂಬತ್ತು ಎಲ್ಲಿ ಹೋಯ್ತು?’ ಎಷ್ಟು ಒಳ್ಳೆಯ ಪ್ರಶ್ನೆ! ಅಜ್ಜಿ ವಿವರಿಸಲು ಹೋಗಲಿಲ್ಲ. ‘ಆ ಒಂದನ್ನ ಕೊಡು, ಹತ್ತು ತಗೋ’ ಅಂದರು. ಕೊಟ್ಟು ತೆಗೆದುಕೊಂಡು, ಮತ್ತೆ ಕೊಟ್ಟು, ತಕರಾರು ತಾನಾಗಿ ನಿಂತಿತು. ಕೂಡುವಾಗಿನ ದಶಕ, ಕಳೆಯುವಾಗಿನ ಸಾಲ, ಎರಡೂ ಇದೇ ಕೊಡುಕೊಳ್ಳುವಿಕೆ.

*

ಈಗ ನೂರ ಐದು. ಎಡಗುಳಿಯಲ್ಲಿ ಒಂದು, ಬಲದ್ದರಲ್ಲಿ ಐದು, ನಡುವಿನದು ಖಾಲಿ. ಬೀಜವಿಲ್ಲದಿದ್ದರೂ ಗುಳಿ ಅಲ್ಲೇ ಇದೆ. ಆಟದಲ್ಲೂ ಖಾಲಿ ಗುಳಿ ಎದುರಾದಾಗಲೇ ಅದರಾಚೆಯ ಗುಳಿಯ ಬೀಜ ನಮ್ಮದಾಗುವುದು. ಖಾಲಿಗೂ ಕೆಲಸವಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಸೊನ್ನೆ ತಾನಾಗಿ ಬಂತು: 105.

*

ಮಣೆ ಒಳಗಿಟ್ಟ ಮೇಲೂ 308 ಸರಿ ಬಂತು. ಆದರೆ ‘ಸಾವಿರದ ನಲವತ್ತು’ 100040 ಆಯಿತು. ಹೊಸ ಸ್ಥಾನ ಬಂದಾಗ ಕಿವಿಯ ನಿಯಮ ಏಕೆ ಮರಳುತ್ತದೆ? ಒಮ್ಮೆ ತಿಳಿದದ್ದು ಪ್ರತಿ ಸ್ಥಾನಕ್ಕೂ ಹೊಸದಾಗಿ ತಿಳಿಯಬೇಕೇ? ನನಗಿನ್ನೂ ಬಗೆಹರಿದಿಲ್ಲ. ಹಾಗಾದಾಗ ಮಾಡಬೇಕಾದ್ದು ಮಾತ್ರ ಸ್ಪಷ್ಟ: ಕೆಂಪು ಗೀಟು ಎಳೆಯುವ ಮುನ್ನ ‘ಇದನ್ನ ಹೇಗೆ ಬರೆದೆ, ಹೇಳು’ ಎಂದು ಕೇಳಬೇಕು, ಪೂರ್ತಿ ಕೇಳಿಸಿಕೊಳ್ಳಬೇಕು, ಆಮೇಲೆ ನಾಲ್ಕನೇ ಗುಳಿ ತೋರಿಸಬೇಕು.